ಮನೆಯವರಿಗೆ ಕಾರ್ಡಿಲ್ಲ

ಹೊರಗಿನವರು ಯಾರೇ ಬಂದು ಬಾಯಿ ತೆರೆದು ಕೂತರೂ ಡಾಕ್ಟರಮ್ಮ ಮೊದಲು ಕೇಳುತ್ತಿದ್ದುದು ಕಾರ್ಡು. ಹಳದಿ ರಟ್ಟಿನ ಕಾರ್ಡು, ಅದರ ಮೇಲೆ ಮೂವತ್ತೆರಡು ಹಲ್ಲುಗಳ ಚಿತ್ರ. ಕೆಟ್ಟ ಹಲ್ಲಿಗೆ ಕೆಂಪು ಪೆನ್ನಿನ ಸುತ್ತು, ಪಕ್ಕದಲ್ಲಿ ತಾರೀಖು, ಕೆಳಗೆ ರೋಗಿ ಆಡಿದ ಮಾತು ಆಡಿದ ಹಾಗೇ. 'ಪೆಟ್ಟು ಬಿತ್ತು' ಎಂದರೆ 'ಪೆಟ್ಟು ಬಿತ್ತು' ಎಂದೇ ಬರೆಯಬೇಕು, 'ಬಿದ್ದರು' ಎಂದು ತಿದ್ದಬಾರದು. ಈ ವಿಷಯದಲ್ಲಿ ಆಕೆ ಭಾರಿ ಕಟ್ಟುನಿಟ್ಟು. ಒಮ್ಮೆ ಅಂಚೆಯವನು ಬಾಗಿಲಲ್ಲೇ ನಿಂತು ದವಡೆ ತೋರಿಸಿ ಓಡಿಹೋಗಲು ನೋಡಿದಾಗ ಅವನನ್ನೂ ಹಿಡಿದು ಕೂರಿಸಿ ಕಾರ್ಡು ಬರೆಸಿದ ಮೇಲೇ ಬಿಟ್ಟಿದ್ದಳು.

ಮನೆಯವರಿಗೆ ಮಾತ್ರ ಕಾರ್ಡಿರಲಿಲ್ಲ. ಕ್ಲಿನಿಕ್ಕು ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲೇ. ಅಡುಗೆಮನೆಗೂ ಹಲ್ಲಿನ ಕುರ್ಚಿಗೂ ನಡುವೆ ಒಂದು ಬಾಗಿಲು, ಒಂದು ಪರದೆ, ಅಷ್ಟೇ. ಅಮ್ಮ ಒಲೆ ಮೇಲೆ ಹಾಲಿಟ್ಟು ಬಂದು ಕೂರುವಳು, ಹಾಲು ಉಕ್ಕುವಷ್ಟರಲ್ಲಿ ಎದ್ದು ಹೋಗುವಳು. ಇಂಥವರಿಗೆ ಯಾವ ಕಾರ್ಡು, ಯಾವ ತಾರೀಖು? ನರ್ಸಮ್ಮ ಪೆನ್ನು ಎತ್ತಿದರೆ ಡಾಕ್ಟರಮ್ಮನೇ ಕೈ ಬೀಸಿ ತಡೆಯುತ್ತಿದ್ದಳು, "ಬೇಡಮ್ಮ, ಮನೆಯವರು ತಾನೇ."

ಮನೆಯವರು ಎಂದರೆ ಅಮ್ಮ, ತಮ್ಮ, ತಮ್ಮನ ಹೆಂಡತಿ, ಅವರ ಎಂಟು ವರ್ಷದ ಮಗಳು. ಹಟ ಹಿಡಿದರೆ ಕೊಯ್ಯೋ ಎಂದು ಎಳೆದು ಅಳುತ್ತಿದ್ದುದರಿಂದ ಆ ಹುಡುಗಿಗೆ ಪಿಟೀಲು ಎಂಬ ಹೆಸರು ಅಂಟಿತ್ತು. ತಮ್ಮ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯಲು ಬಂದವರು ನೂರು ಸಲ ಗಾಡಿ ನಿಲ್ಲಿಸಿಕೊಂಡರೂ "ಪರವಾಗಿಲ್ಲ ಬಿಡಿ, ಇನ್ನೊಂದ್ಸಲ ನೋಡೋಣ" ಎನ್ನುವ ಆಸಾಮಿ. ಅವನಂಥ ತಾಳ್ಮೆಯ ಮನುಷ್ಯ ಇಲ್ಲವೆಂದು ಬೀದಿಗೆ ಬೀದಿಯೇ ಹೇಳುತ್ತಿತ್ತು. ಬೀದಿಗೇನು, ಹೊರಗೆ ಕಂಡದ್ದನ್ನು ಹೇಳುತ್ತದೆ.

ಆರು ತಿಂಗಳ ಹಿಂದೆ ಇದೇ ಕುರ್ಚಿಗೆ ಬೇರೆ ಮನೆಯ ಮಗುವೊಂದು ಬಂದಿತ್ತು. ಬಾಯಿ ತುಂಬ ಹುಳುಕು, ಕೆನ್ನೆಯ ಒಳಗೆ ಸುಟ್ಟ ಗಾಯ. ಡಾಕ್ಟರಮ್ಮ ಹಿಂದು ಮುಂದು ನೋಡದೆ ಕಾರ್ಡಿನ ನಕಲು ಲಗತ್ತಿಸಿ ಮಕ್ಕಳ ರಕ್ಷಣಾ ಕಚೇರಿಗೆ ಎರಡು ಪುಟ ಬರೆದು ಕಳಿಸಿದ್ದಳು. ಮಗು ಉಳಿಯಿತು. "ನನ್ನ ಮಗಳು ಯಾರ ಮುಲಾಜಿಗೂ ಬೀಳೋಳಲ್ಲ" ಎಂದು ಅಮ್ಮ ತರಕಾರಿ ಅಂಗಡಿಯಲ್ಲಿ ನಿಂತು ಬೀಗಿದ್ದೇ ಬೀಗಿದ್ದು.

ಆಮೇಲೆ ಒಂದು ಸೋಮವಾರ ಮಧ್ಯಾಹ್ನ ತಮ್ಮನ ಹೆಂಡತಿ ಪರದೆ ಸರಿಸಿಕೊಂಡು ಬಂದಳು. ಪಿಟೀಲಿನ ಬಾಯಿಗೆ ಒದ್ದೆ ಟವೆಲು ಒತ್ತಿ ಹಿಡಿದಿದ್ದಳು. ಟವೆಲು ಕೆಂಪಾಗಿತ್ತು.

"ಮೆಟ್ಟಿಲ ಮೇಲೆ ಬಿದ್ಲು ಅತ್ತಿಗೆ."

"ಯಾವಾಗ?"

"ಈಗ... ಬೆಳಿಗ್ಗೆ."

ಡಾಕ್ಟರಮ್ಮ ದೀಪ ಎಳೆದು ತುಟಿ ಎತ್ತಿ ನೋಡಿದಳು. ಮುಂದಿನ ಎಡ ಹಲ್ಲು, ಬಂದು ವರ್ಷವೂ ಆಗಿರದ ಹೊಸ ಹಲ್ಲು, ಅರ್ಧಕ್ಕೆ ಮುರಿದಿತ್ತು. ಅದಾದರೂ ಹಾಳಾಗಲಿ ಎನ್ನಬಹುದು. ಆದರೆ ಮೇಲ್ತುಟಿಯನ್ನು ವಸಡಿಗೆ ಕಟ್ಟಿದ ತೆಳ್ಳನೆಯ ಎಳೆಯೂ ಹರಿದಿತ್ತು. ಬಾಯೊಳಗೆ ಏನನ್ನೋ ಜೋರಾಗಿ ತುರುಕಿದರೆ ಅದು ಹಾಗೆ ಹರಿಯುತ್ತದೆ. ಅಂಗೈ ತಿರುಗಿಸಿದಳು, ತರಚಿಲ್ಲ. ಮೊಣಕಾಲು ನೋಡಿದಳು, ಧೂಳೂ ಇಲ್ಲ. ಕೂದಲು ಸರಿಸಿದರೆ ಕಿವಿಯ ಹಿಂದೆ ನಾಲ್ಕು ಬೆರಳು ಮೂಡಿದ್ದವು.

"ಹೇಗೆ ಬಿದ್ದೆ ಪುಟ್ಟ?"

ಮಗು ತನ್ನ ಅಮ್ಮನ ಮುಖ ನೋಡಿತು. "ಮೆಟ್ಟಿಲು."

"ಮೆಟ್ಟಿಲು ಏನು ಮಾಡ್ತು?"

"ಮೆಟ್ಟಿಲು," ಎಂದಿತು ಮತ್ತೆ. ಕೊಯ್ಯೋ ಎನ್ನಬೇಕಾದ ಮಗು ಉಸಿರೂ ಎತ್ತದೆ ಕೂತಿತ್ತು.

ನರ್ಸಮ್ಮ ಕಾರ್ಡಿನ ಕಟ್ಟು ಕೈಗೆತ್ತಿಕೊಂಡು ಸುಮ್ಮನೆ ನಿಂತಳು. ಈ ಸಲ ಕೇಳಲಿಲ್ಲ, ಕಾದಳು. ಡಾಕ್ಟರಮ್ಮನಿಗೆ ಎಲ್ಲ ಗೊತ್ತಾಗಿತ್ತು. ಕಲಿತ ವಿದ್ಯೆ ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಿತ್ತು, ಇದು ಮೆಟ್ಟಿಲಲ್ಲ, ಕೈ. ಆದರೆ ಆ ಕೈ ಯಾರದು? ಅಪ್ಪ ಸತ್ತ ವರ್ಷ, ಅಕ್ಕನ ಓದು ನಿಲ್ಲಬಾರದೆಂದು ಹದಿನೇಳಕ್ಕೇ ತನ್ನ ಪುಸ್ತಕ ಮೂಲೆಗೆಸೆದು ಹಾಲಿನ ವ್ಯಾನು ಓಡಿಸಿದವನ ಕೈ. ಈ ಕುರ್ಚಿಯಲ್ಲಿ ಅವನ ಬೆವರಿದೆ ಎಂದು ಅಮ್ಮ ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದಳು.

"ಬೇಡ," ಎಂದಳು ನರ್ಸಮ್ಮನ ಮುಖ ನೋಡದೆ. ಮುರಿದ ಹಲ್ಲಿಗೆ ಚೆಂದವಾಗಿ ಬಿಳಿ ತುಂಬಿ, ಉಜ್ಜಿ, ಹೊಳಪು ಮಾಡಿ ಕಳಿಸಿದಳು. ಇಷ್ಟು ನಾಜೂಕಾದ ಕೆಲಸ ಆ ವರ್ಷ ಮತ್ತೊಂದು ಮಾಡಿರಲಿಲ್ಲ.

ಕೈ ತೊಳೆದವಳೇ ಅಡುಗೆಮನೆಗೆ ನುಗ್ಗಿದಳು. ಅಮ್ಮ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಮಗು ಬಾಯಿಗೆ ಏನಾಯ್ತಮ್ಮ?"

"ಬಿತ್ತಂತಲ್ಲ. ಮಕ್ಕಳು ಅಂದ್ಮೇಲೆ ಬೀಳ್ತವೆ."

"ಅಂಗೈ ತರಚದೆ ಬೀಳೋ ಮಗೂನ ನಾನೆಲ್ಲೂ ಕಂಡಿಲ್ಲ."

"ಕಂಡಿಲ್ಲ ಅಂದ್ರೆ ಈಗ ಕಂಡೆ," ಎಂದಳು ಅಮ್ಮ. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಬುಟ್ಟಿಗೆ ಬೀಳುತ್ತಿತ್ತು. "ಊಟಕ್ಕೆ ಕೂತ್ರೆ ಗಂಟೆಗಟ್ಟಲೆ ಬಾಯಲ್ಲಿ ಇಟ್ಕೊಂಡಿರ್ತಾಳೆ. ದುಡಿದು ಬಂದ ಗಂಡಸಿಗೆ ರೇಗಲ್ವಾ?"

"ರೇಗಿದ್ರೆ?"

"ರೇಗಿದ್ರೆ ರೇಗ್ತಾನೆ. ನೀನು ನಿನ್ನ ಪೇಷಂಟು ನೋಡ್ಕೊ ಹೋಗು."

ಮನೆಯವರ ಊಟ ಡಾಕ್ಟರಮ್ಮ ಕಂಡದ್ದೇ ಕಡಿಮೆ. ಸಂಜೆ ಅವರೆಲ್ಲ ಬೇಗ ಉಣ್ಣುವ ಹೊತ್ತಿಗೆ ಕ್ಲಿನಿಕ್ಕಿನಲ್ಲಿ ಜನ ಕಿಕ್ಕಿರಿದಿರುತ್ತಿದ್ದರು. ಕುರ್ಚಿಯ ಕೆಳಗಿನ ಕಂಪ್ರೆಸರು ಗುಡುಗುಡು ಎನ್ನುತ್ತಿದ್ದರೆ ಒಳಗೆ ಪಾತ್ರೆ ಬಿದ್ದರೂ ಕೇಳದು. ಆ ವಾರ ಎರಡು ದಿನ ಬೇಗ ಬಾಗಿಲು ಹಾಕಿ ಒಳಗೆ ಬಂದು ಕೂತಳು. ತಮ್ಮ ನಕ್ಕ. "ಏನಕ್ಕ, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ?" ಎಂದು ಬ್ರೆಡ್ಡಿನ ತಟ್ಟೆ ಅವಳ ಕಡೆಗೇ ತಳ್ಳಿದ. ಹೆಂಗಸೊಬ್ಬಳು ಬ್ರೇಕಿನ ಬದಲು ಹಾರ್ನು ಒತ್ತಿದ ಕತೆ ಹೇಳಿ ಎಲ್ಲರನ್ನೂ ನಗಿಸಿದ. ಮಗಳ ತಟ್ಟೆಯ ಕಡೆ ಕಣ್ಣು ಹಾಯಿಸಿದಾಗ ಮಾತ್ರ ಮಗು ಒಂದೇ ಸಮನೆ ಅಗಿಯಲು ಶುರುಮಾಡಿತು. ಮುರಿದ ಹಲ್ಲಿನ ನೋವಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಅಗಿಯುತ್ತಿತ್ತು. ಅದನ್ನು ನೋಡಿಯೂ ಡಾಕ್ಟರಮ್ಮ ಊಟ ಮುಗಿಸಿ ಎದ್ದಳು. ಸಾಕ್ಷಿ ಬೇಕಿತ್ತೇ ಆಕೆಗೆ? ಇಲ್ಲ, ಸಾಕ್ಷಿ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದಳು.

ಮುಂದಿನ ವಾರ ಬುಧವಾರ, ಇನ್ನೂ ಬೆಳಕಿದ್ದಾಗಲೇ, ಚಪ್ಪಲಿ ಅಂಗಡಿಯ ಯಜಮಾನರ ಹಲ್ಲು ಕೊರೆಯುತ್ತಿರುವಾಗ ಕರೆಂಟು ಹೋಯಿತು. ಡ್ರಿಲ್ಲು ನಿಂತಿತು, ಕಂಪ್ರೆಸರು ನಿಂತಿತು. ಆ ಮನೆಯಲ್ಲಿ ಅಂಥ ನಿಶ್ಶಬ್ದ ಎಂದೂ ಆಗಿರಲಿಲ್ಲ. ಪರದೆಯ ಆಚೆಯಿಂದ ಎಲ್ಲ ಕೇಳಿಸಿತು.

"ನುಂಗು! ನುಂಗು ಅಂದ್ರೆ ನುಂಗ್ಬೇಕು!"

"ಸಾಕು ಬಿಡೋ, ಉಸಿರು ಕಟ್ಟುತ್ತೆ ಅದಕ್ಕೆ..." ಅಮ್ಮನ ದನಿ.

ಆಮೇಲೆ ಧಡ್ ಎಂಬ ಸದ್ದು. ತಟ್ಟೆ ನೆಲಕ್ಕೆ ಬಿದ್ದು ಗಿರಗಿರ ತಿರುಗಿತು.

ಡಾಕ್ಟರಮ್ಮ ಗ್ಲೌಸು ಹಾಕಿದ ಕೈಯಲ್ಲೇ ಓಡಿದಳು. ತಮ್ಮ ಮಗುವಿನ ದವಡೆಯನ್ನು ಎಡಗೈಯಲ್ಲಿ ಅದುಮಿ ಹಿಡಿದು ಬಲಗೈಯಿಂದ ಚಮಚ ಗಂಟಲಿಗೆ ತುರುಕುತ್ತಿದ್ದ. ಮಗುವಿನ ಮುಖ ನೀಲಿಗಟ್ಟಿತ್ತು, ಮೂಗಿನಿಂದ ಸೂಪು ಇಳಿಯುತ್ತಿತ್ತು. ತಮ್ಮನ ಹೆಂಡತಿ ಅವನ ತೋಳಿಗೆ ಜೋತುಬಿದ್ದು ಎಳೆಯುತ್ತಿದ್ದಳು. ಅವನು ಚಮಚ ಬಿಟ್ಟು, ತಿರುಗಿ, ಮುಷ್ಟಿ ಕಟ್ಟಿ ಅವಳ ಮುಖಕ್ಕೆ ಒಂದು ಕೊಟ್ಟ. ಅವಳು ಫ್ರಿಜ್ಜಿಗೆ ಬಡಿದು ಕುಸಿದು ಕೂತಳು. ಬಾಯಿಂದ ರಕ್ತ ಗಳಗಳ ಇಳಿಯಿತು. ಅಮ್ಮ ಒಲೆಯ ಪಕ್ಕ ಗೋಡೆಗೆ ಅಂಟಿಕೊಂಡು ಸೆರಗು ಕಚ್ಚಿ ನಿಂತಿದ್ದಳು.

"ಬಿಡೋ ಮಗೂನ! ಬಿಡೋ ಅಂದೆ!" ಡಾಕ್ಟರಮ್ಮ ಅವನ ಕೊರಳಪಟ್ಟಿಗೆ ಕೈ ಹಾಕಿದಳು.

ಅವನು ಒಂದೇ ಕೈಯಲ್ಲಿ ಅಕ್ಕನನ್ನು ಎತ್ತಿ ಎಸೆದ ಹಾಗೆ ದೂಡಿದ. ಬೆನ್ನು ಕಪಾಟಿಗೆ ಬಡಿದು ಎರಡು ಲೋಟ ಉರುಳಿದವು. "ಮಕ್ಕಳನ್ನ ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ! ನನ್ನ ಮಗಳು, ನಾನು ತಿದ್ತೀನಿ. ನಡುವೆ ಬರ್ಬೇಡ."

ಮಗು ಮೇಜಿನ ಕೆಳಗೆ ನುಸುಳಿ ವಾಂತಿ ಮಾಡಿಕೊಳ್ಳುತ್ತಿತ್ತು. ಅವನು ಕೈ ತೊಳೆದ, ತಲೆ ಬಾಚಿದ, ಗಡಿಯಾರ ನೋಡಿ ಹೊರಟ. ಬೀದಿಯಲ್ಲಿ ಕಲಿಯಲು ಬಂದ ಹೆಂಗಸು ಕಾಯುತ್ತಿದ್ದಳು. ಕಿಟಕಿಯಿಂದ ಅವನ ದನಿ ತಣ್ಣಗೆ ಕೇಳಿಸಿತು, "ಹೆದರ್ಬೇಡಿ ಮೇಡಂ, ನಿಧಾನಕ್ಕೆ ಕ್ಲಚ್ ಬಿಡಿ, ನಾನಿದೀನಲ್ಲ."

ಚಪ್ಪಲಿ ಅಂಗಡಿಯ ಯಜಮಾನರು ಬಾಯಲ್ಲಿ ಹತ್ತಿ ಇಟ್ಟುಕೊಂಡು ಸೂರು ನೋಡುತ್ತಿದ್ದರು. "ಕರೆಂಟು ಬಂದ್ಮೇಲೆ ಬರ್ತೀನಿ ಡಾಕ್ಟ್ರೇ," ಎಂದು ತೊದಲಿ, ಹತ್ತಿಯ ಸಮೇತ ಹೊರಟುಹೋದರು.

ಡಾಕ್ಟರಮ್ಮ ತಮ್ಮನ ಹೆಂಡತಿಯನ್ನು ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದಳು. ಮಗುವನ್ನು ಬಾಯಿ ತೊಳೆಸಿ, ಕಂಬಳಿ ಸುತ್ತಿ ಪಕ್ಕದ ಸ್ಟೂಲಿನ ಮೇಲಿಟ್ಟಳು.

"ಕಾರ್ಡು ತಗೊಳ್ಳಮ್ಮ," ಎಂದಳು ನರ್ಸಮ್ಮನಿಗೆ. "ಮೂರು."

ನೆನಪಿನಿಂದಲೇ ಬರೆಸತೊಡಗಿದಳು. ತಮ್ಮನ ಹೆಂಡತಿ: ಇವತ್ತು ಎಡಗಡೆಯ ಎರಡು ಹಲ್ಲು ಅಲ್ಲಾಡುತ್ತಿವೆ. ಎರಡು ವರ್ಷದ ಹಿಂದೆ ಎಡ ಕೋರೆಹಲ್ಲು, ಆಗ ಹೇಳಿದ್ದು 'ನಲ್ಲಿಗೆ ಬಡೀತು'. ಅದಕ್ಕೂ ಮೊದಲು ಎಡ ದವಡೆಯ ಹಲ್ಲು, ಆಗ ಹೇಳಿದ್ದು 'ಬಾಗಿಲು ತಾಗ್ತು'. ಪಿಟೀಲು: ಮುಂದಿನ ಎಡ ಹಲ್ಲು, 'ಮೆಟ್ಟಿಲು'.

"ಮೂರನೇದು ಯಾರ್ದು ಡಾಕ್ಟ್ರೇ?"

ಅಮ್ಮ ಪರದೆ ಹಿಡಿದು ನಿಂತಿದ್ದಳು. "ನನ್ನದು ಬರೀಬೇಡ."

"ಹೋದ ವರ್ಷ ನಿನ್ನ ಎಡಗಡೆ ಹಲ್ಲು ನಾನೇ ಕಿತ್ತೆನಲ್ಲಮ್ಮ. ಬಾತ್‌ರೂಮಲ್ಲಿ ಜಾರಿದೆ ಅಂದೆ. ನಿಜ ಹೇಳು."

"ನೆಲ ಒದ್ದೆ ಇತ್ತು," ಎಂದಳು ಅಮ್ಮ.

ಡಾಕ್ಟರಮ್ಮ ಅದನ್ನೂ ಹಾಗೆಯೇ ಬರೆಸಿದಳು, 'ನೆಲ ಒದ್ದೆ ಇತ್ತು'. ಮೂರೂ ಕಾರ್ಡುಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟು ನೋಡಿದಳು. ಕೆಂಪು ಸುತ್ತುಗಳೆಲ್ಲ ಒಂದೇ ಕಡೆ. ಎದುರಿಗೆ ನಿಂತ ಬಲಗೈಯವನು ಬೀಸಿದರೆ ಪೆಟ್ಟು ಬೀಳುವುದು ಎಡಕ್ಕೇ. ಬೇರೆ ಯಾರದೋ ಮನೆಯ ಕಾರ್ಡುಗಳಾಗಿದ್ದರೆ ಎರಡು ವರ್ಷದ ಹಿಂದೆಯೇ ಅವಳ ಕಣ್ಣಿಗೆ ಬೀಳುತ್ತಿತ್ತು. ತನ್ನ ಕೈಯಾರೆ ಒಂದೊಂದೇ ಹಲ್ಲು ಸರಿಮಾಡಿ, ಮುಚ್ಚಿ, ಅವನಿಗೆ ಮತ್ತೆ ಹೊಡೆಯಲು ಅನುಕೂಲ ಮಾಡಿಕೊಟ್ಟಿದ್ದಳಲ್ಲ!

"ಹಳೇ ತಾರೀಖು ಹಾಕ್ಲಾ?" ನರ್ಸಮ್ಮ ಮೆಲ್ಲಗೆ ಕೇಳಿದಳು. "ಯಾರಿಗೆ ಗೊತ್ತಾಗುತ್ತೆ?"

ಆಸೆ ಆಯಿತು. ಒಂದು ಕ್ಷಣ ಪೆನ್ನು ಕೈಗೂ ಬಂತು. ಹಳೆಯ ತಾರೀಖಿದ್ದರೆ ಯಾರೂ ಅವಳನ್ನು ಒಂದು ಮಾತೂ ಕೇಳುವಂತಿರಲಿಲ್ಲ. ಆದರೆ ಒಂದು ಸುಳ್ಳು ಸಿಕ್ಕಿಬಿದ್ದರೆ ಮೂರು ಕಾರ್ಡೂ ಕಸದ ಬುಟ್ಟಿಗೆ, ಮಗು ಮತ್ತೆ ಆ ಮೇಜಿಗೆ. "ಇವತ್ತಿಂದೇ ಹಾಕು," ಎಂದಳು. "ಕೆಳಗೆ ಬರಿ: ಚಿಕಿತ್ಸೆ ಕೊಟ್ಟದ್ದು ನಾನು. ಆಗ ಬರೆಯಲಿಲ್ಲ, ತಿಳಿಸಲಿಲ್ಲ."

"ನಾನೆಲ್ಲಿಗೆ ಹೋಗ್ಲಿ ಅತ್ತಿಗೆ?" ತಮ್ಮನ ಹೆಂಡತಿ ಅತ್ತಳು. "ಗೊತ್ತಾದ್ರೆ ಕೊಂದೇ ಹಾಕ್ತಾರೆ."

"ನೀನ್ಯಾಕೆ ಹೋಗ್ಬೇಕು? ಇಬ್ರೂ ನನ್ನ ಕೋಣೆಯಲ್ಲಿರಿ. ಚಿಲಕ ಗಟ್ಟಿಯಿದೆ."

ಮರುದಿನ ಬೆಳಿಗ್ಗೆ ಅವಳು ಕಾಗದಗಳನ್ನು ಚೀಲಕ್ಕೆ ಹಾಕುವಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅವನು ವ್ಯಾನು ಓಡಿಸದೆ ಇದ್ದಿದ್ರೆ ನೀನೆಲ್ಲಿ ಡಾಕ್ಟ್ರಾಗ್ತಿದ್ದೆ? ಆ ಋಣಕ್ಕೆ ಇದಾ?"

"ನನ್ನ ಋಣ ನಾನು ತೀರಿಸ್ತೀನಮ್ಮ. ಮಗು ಬಾಯಿಂದ ಯಾಕೆ ತೀರಿಸ್ಲಿ?"

"ಸ್ವಂತ ತಮ್ಮನ್ನ ಬೀದಿಗೆ ತರ್ತೀಯಲ್ಲೇ, ಮನೆ ಮಾನ ಉಳಿಯುತ್ತಾ?"

"ಹೊರಗಿನ ಮಗು ಆದ್ರೆ ಅಂಗಡೀಲಿ ನಿಂತು ಹೊಗಳ್ತೀಯ. ನಮ್ಮನೆ ಮಗು ಆದ್ರೆ ಮಾನ. ದಾರಿ ಬಿಡು."

ಮಕ್ಕಳ ರಕ್ಷಣಾ ಕಚೇರಿಯ ಅಧಿಕಾರಿ ಮಾತು ಕಡಿಮೆಯ, ಕನ್ನಡಕದ ಹೆಂಗಸು. ಹಿಂದಿನ ಪ್ರಕರಣದ ಗುರುತು ಹಿಡಿದು ನಗಲು ಹೋದವರು ಕಾರ್ಡು ಓದುತ್ತ ಗಂಭೀರವಾದರು. "ಮಗೂನ ಮೊದಲು ನೋಡಿ ಹತ್ತು ದಿನ ಆಗಿದೆ. ಅವತ್ತೇ ಯಾಕೆ ತಿಳಿಸ್ಲಿಲ್ಲ?"

"ತಪ್ಪು ಮಾಡ್ದೆ."

"ನಿಮಗೂ ಒಂದು ನೋಟಿಸು ಬರುತ್ತೆ ಡಾಕ್ಟ್ರೇ."

"ಬರ್ಲಿ."

"ನಾನು ಶಾಲೆಗೆ ಹೋಗಿ ಮಗು ಹತ್ರ ಒಂಟಿಯಾಗಿ ಮಾತಾಡ್ಬೇಕು. ಮನೆ ದೊಡ್ಡವರು ಇನ್ನೊಬ್ಬರು ಬಾಯಿಬಿಟ್ರೆ ಕೋರ್ಟಿನ ಆಜ್ಞೆ ಬೇಗ ಸಿಗುತ್ತೆ, ಅವನು ಮನೆಯೊಳಗೆ ಕಾಲಿಡೋ ಹಾಗಿಲ್ಲ. ನಿಮ್ಮ ತಾಯಿ ಹೇಳ್ತಾರಾ?"

ಡಾಕ್ಟರಮ್ಮ ಖಾಲಿ ಚೀಲ ಎತ್ತಿಕೊಂಡು ಎದ್ದಳು.

ಆಮೇಲಿನ ವಾರ ಮನೆಯಲ್ಲಿ ಮಾತೇ ಇಲ್ಲ. ಅಮ್ಮ ಡಾಕ್ಟರಮ್ಮನ ತಟ್ಟೆಯನ್ನು ಮೇಜಿನ ಮೇಲೆ ಕವುಚಿಟ್ಟು ಹೋಗುತ್ತಿದ್ದಳು, ಬಡಿಸುತ್ತಿರಲಿಲ್ಲ. ತಮ್ಮ ಮಾತ್ರ ಕೋಣೆಯ ಬಾಗಿಲು ತಟ್ಟಿ "ಎಷ್ಟು ದಿನ ಅಡಗಿಸಿಡ್ತೀಯಕ್ಕ?" ಎಂದು ನಗುತ್ತಿದ್ದ. ತಾಳ್ಮೆಯ ಮೇಷ್ಟ್ರಲ್ಲವೇ, ಕಾಯುತ್ತಿದ್ದ. ಡಾಕ್ಟರಮ್ಮ ದಿನವೂ ಮಗುವನ್ನು ತಾನೇ ಶಾಲೆಗೆ ಬಿಟ್ಟು, ತಾನೇ ಕರೆತಂದಳು.

ಗುರುವಾರ ಅಧಿಕಾರಿ ಶಾಲೆಗೆ ಹೋದರು. ಶುಕ್ರವಾರ ಹನ್ನೊಂದು ಗಂಟೆಗೆ ಅವನಿಗೆ ಸುದ್ದಿ ಮುಟ್ಟಿತು. ಹನ್ನೊಂದೂ ಕಾಲಿಗೆ ಕ್ಲಿನಿಕ್ಕಿನ ಮುಂಬಾಗಿಲು ಗೋಡೆಗೆ ಬಡಿಯಿತು. ಬೆಂಚಿನ ಮೇಲೆ ಇಬ್ಬರು ರೋಗಿಗಳಿದ್ದರು. ಅವನು ಅವರ ಕಡೆ ನೋಡಲೂ ಇಲ್ಲ. ಕಾರ್ಡಿನ ಬೀರುವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೆಲಕ್ಕೆ ಕೆಡವಿದ. ಹಳದಿ ರಟ್ಟುಗಳು ಕೋಣೆ ತುಂಬ ಹರಡಿದವು.

"ನನ್ನ ಮೇಲೆ ಬರೀತೀಯಾ? ನಾನು ಓದಿಸಿದ ಕೈಲಿ ನನ್ನ ಮೇಲೇ ಬರೀತೀಯಾ?"

ಮೊದಲ ಪೆಟ್ಟು ಎಡ ದವಡೆಗೆ ಬಿತ್ತು. ಎಡಕ್ಕೇ ಬೀಳುತ್ತದೆಂದು ಡಾಕ್ಟರಮ್ಮನಿಗೆ ಗೊತ್ತಿತ್ತು, ಆದರೂ ತಪ್ಪಿಸಿಕೊಳ್ಳಲಾಗಲಿಲ್ಲ. ಬಾಯೊಳಗೆ ಏನೋ ಕಟಕ್ ಎಂದು ಮುರಿಯಿತು. ಎರಡನೆಯದಕ್ಕೆ ಬಿದ್ದಳು. ಬಿದ್ದವಳ ಪಕ್ಕೆಗೆ ಬೂಟುಗಾಲಲ್ಲಿ ಒದ್ದ, ಮತ್ತೆ ಒದ್ದ. ನರ್ಸಮ್ಮ ಕಿರುಚುತ್ತ ಬೀದಿಗೆ ಓಡಿದಳು. ಒಬ್ಬ ರೋಗಿ ಎದ್ದು ಅವನ ಸೊಂಟ ಹಿಡಿದ, ಇನ್ನೊಬ್ಬ ಫೋನು ತೆಗೆದ.

ಪರದೆ ಸರಿಸಿಕೊಂಡು ಅಮ್ಮ ಬಂದಳು. ಕೈಯಲ್ಲಿ ಇನ್ನೂ ಸೌಟಿತ್ತು.

ಅವನು ಏದುಸಿರು ಬಿಡುತ್ತ ತಿರುಗಿದ. ಜನ ಸೇರುತ್ತಿರುವುದು ಆಗ ಕಂಡಿತು. ದನಿ ತಟ್ಟನೆ ಬದಲಾಯಿತು, ಕಲಿಯುವವರ ಜೊತೆ ಆಡುವ ಅದೇ ತಣ್ಣನೆಯ ದನಿ. "ನೀನೇ ಹೇಳಮ್ಮ ಇವರಿಗೆಲ್ಲ. ಇವಳಿಗೆ ತಲೆ ಕೆಟ್ಟಿದೆ. ನಾನು ಯಾವತ್ತಾದ್ರೂ ಮನೇಲಿ ಕೈಯೆತ್ತಿದೀನಾ? ಹೇಳು."

ಅಮ್ಮ ನೆಲದ ಮೇಲೆ ರಕ್ತ ಉಗುಳುತ್ತಿದ್ದ ಮಗಳನ್ನು ನೋಡಿದಳು. ಮಗನನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತ ಜನರಿಗೆ, ತರಕಾರಿ ಅಂಗಡಿಯವಳಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದಳು.

"ಎತ್ತಿದಾನೆ. ಹೆಂಡತಿಗೆ ಎತ್ತಿದಾನೆ, ಮಗೂಗೆ ಎತ್ತಿದಾನೆ. ಹೋದ ವರ್ಷ ಸೂಪಿಗೆ ಉಪ್ಪು ಜಾಸ್ತಿ ಆಯ್ತು ಅಂತ ನಂಗೂ ಹೊಡೆದ. ನೆಲ ಒದ್ದೆ ಇರ್ಲಿಲ್ಲ."

"ಅಮ್ಮಾ!"

"ಅಮ್ಮ ಅನ್ಬೇಡ. ಹೆತ್ತದ್ದಕ್ಕೆ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ, ನನ್ನ ಕರ್ಮ!"

ಪೊಲೀಸರು ಬಂದು ಕರೆದೊಯ್ದರು. ಸೋಮವಾರದ ಹೊತ್ತಿಗೆ ಆಜ್ಞೆಯೂ ಬಂತು, ಅವನು ಆ ಮನೆಯ ಬೀದಿಗೂ ಬರುವಂತಿಲ್ಲ.

ಹಾಗೆಂದು ಎಲ್ಲ ಸರಿಹೋಯಿತು ಎನ್ನುವ ಹಾಗಿರಲಿಲ್ಲ. ಅಮ್ಮ ಬೆಳಿಗ್ಗೆಯೇ ಎದ್ದು ಬ್ರೆಡ್ಡು, ಬೇಯಿಸಿದ ಮೊಟ್ಟೆ ಡಬ್ಬಿಗೆ ತುಂಬಿ ಚಪ್ಪಲಿ ಮೆಟ್ಟಿಕೊಳ್ಳುವಳು.

"ಲಾಕಪ್ಪಿಗಾ?" ಊದಿದ ಬಾಯಲ್ಲೇ ಡಾಕ್ಟರಮ್ಮ ಕೇಳುವಳು.

"ಹೇಳೋದನ್ನ ಹೇಳಾಯ್ತು. ಹಸಿದಿರ್ತಾನೆ, ಅದಕ್ಕೇನ್ಮಾಡ್ಲಿ?"

"ನಿಮ್ಮ ಇನ್ನೊಂದು ಹಲ್ಲನ್ನೂ ಅವರ ಕೈಲೇ ಕೊಟ್ಟು ಬನ್ನಿ ಅತ್ತೆ!" ಎಂದು ತಮ್ಮನ ಹೆಂಡತಿ ಒಳಗಿನಿಂದ ಕೂಗುವಳು. ಒಂಬತ್ತು ವರ್ಷದಲ್ಲಿ ಅವಳು ಹಾಗೆ ದನಿ ಎತ್ತಿದ್ದೇ ಇಲ್ಲ. ಅಮ್ಮ ಗೊಣಗುತ್ತ ಹೋಗುವಳು, ಅಳುತ್ತ ಬರುವಳು. ಬಂದವಳು ನಾಲ್ಕು ತಟ್ಟೆ ಇಟ್ಟು ಬಡಿಸುವಳು. ಪಿಟೀಲು ಒಂದು ಗಂಟೆ ಅಗಿದರೂ ಯಾರೂ ಕೇಳುತ್ತಿರಲಿಲ್ಲ.

ಎರಡು ವಾರದ ಮೇಲೆ ಡಾಕ್ಟರಮ್ಮ ಮಗುವನ್ನು ಕುರ್ಚಿಯಲ್ಲಿ ಕೂರಿಸಿಕೊಂಡಳು. ತುಂಬಿದ ಹಲ್ಲು ಹೇಗಿದೆ ನೋಡಬೇಕಿತ್ತು. ನೋಟಿಸು ಬಂದಿತ್ತು, ಅದಕ್ಕೆ ಉತ್ತರ ಬರೆದು ಮುಗಿಸಿದ್ದಳು. ಅದರ ಭಯ ಕಳೆದಿತ್ತು. ಮನಸ್ಸು ಎಷ್ಟೋ ದಿನದ ಮೇಲೆ ಹಗುರವಾಗಿತ್ತು.

"ಆ ಅನ್ನು."

ಮಗು ಬಾಯಿ ತೆರೆಯಲಿಲ್ಲ. "ಅತ್ತೆ, ಅವತ್ತು ನಾನು ಮೆಟ್ಟಿಲು ಅಂದೆನಲ್ಲ. ನೀನು ನಂಬಿದ್ಯಾ?"

ಡಾಕ್ಟರಮ್ಮನ ಕೈಯಲ್ಲಿ ಕನ್ನಡಿ ನಿಂತಿತು. ಸುಳ್ಳು ಹೇಳಬಹುದಿತ್ತು. "ಇಲ್ಲ."

"ಅಪ್ಪ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಕಣೇ."

"ಮತ್ತೆ ಯಾಕೆ ಸುಮ್ಮನಿದ್ದೆ? ಆಮೇಲೆ ಇನ್ನೂ ಎಷ್ಟು ಸಲ ಹೊಡೆದ್ರು ಗೊತ್ತಾ?"

ಎಷ್ಟು ಸಲ ಎಂದು ಕೇಳುವ ಧೈರ್ಯ ಡಾಕ್ಟರಮ್ಮನಿಗೆ ಬರಲಿಲ್ಲ. "ಅವನು ನನ್ನ ತಮ್ಮ ಪುಟ್ಟ. ಅದಕ್ಕೆ."

ಮಗು ಯೋಚಿಸಿತು. ಕೋಪವಿರಲಿಲ್ಲ, ಅಳುವಿರಲಿಲ್ಲ, ಲೆಕ್ಕ ಅರ್ಥವಾಗದೆ ಟೀಚರನ್ನು ಕೇಳುವ ಹಾಗೆ ಕೇಳಿತು.

"ನಾನು ನಿಂಗೆ ಏನೂ ಆಗ್ಬೇಕಿರ್ಲಿಲ್ವಾ?"

ಡಾಕ್ಟರಮ್ಮ ಕೈಯಲ್ಲಿದ್ದ ಕನ್ನಡಿಯನ್ನು ಒರೆಸಿದಳು, ಮತ್ತೆ ಒರೆಸಿದಳು. ಮಗು ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ, ಬಾಯಿ ತೆರೆಯಿತು.